ಸ್ವಂತ ಕಾರು ಅಂತ ಹೇಳಿಬಿಡಿ

ಕಾರು ಬಾಡಿಗೆಗೆ ಹಿಡಿಯುವುದರಲ್ಲಿ ನಾನು ಪಳಗಿದವಳು ಎಂದು ಬಹಳ ಕಾಲ ನಂಬಿಕೊಂಡಿದ್ದೆ. ರಾಣೆಬೆನ್ನೂರಿನಲ್ಲಿದ್ದಾಗ ಸ್ಟ್ಯಾಂಡಿಗೆ ಹೋಗಿ, ಡ್ರೈವರು ಹೇಳಿದ ದರಕ್ಕೆ ಒಮ್ಮೆ ನಕ್ಕು, ಬೆನ್ನು ತಿರುಗಿಸಿ ನಡೆದರೆ ಸಾಕಿತ್ತು, ಹಿಂದಿನಿಂದ ಕರೆಯುತ್ತಿದ್ದರು. ಕೊಯಮತ್ತೂರಿಗೆ ಬಂದ ಮೇಲೆ ಆ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಇಲ್ಲಿ ಬೆನ್ನು ತಿರುಗಿಸಿದರೆ "ಸರಿಂಗಮ್ಮಾ, ಪೋಯ್ಟು ವಾಂಗೊ" ಎಂದು ಮರ್ಯಾದೆಯಿಂದ ಬೀಳ್ಕೊಡುತ್ತಾರೆ. ಅಷ್ಟು ಮರ್ಯಾದೆ ಕೊಟ್ಟವರ ಹತ್ತಿರ ಯಾವ ಮುಖ ಹೊತ್ತು ವಾಪಸ್ ಹೋಗಿ ಚೌಕಾಸಿ ಮಾಡುವುದು?

ಆ ಸಲ ನನ್ನ ಅತ್ತೆ ಊರಿನಿಂದ ಬಂದಿದ್ದರು. ನೆಗಮಂ ಸೀರೆಯನ್ನು ನೇಯುವವರ ಮನೆಯಲ್ಲೇ ಕೂತು ಆರಿಸಿಕೊಳ್ಳಬೇಕೆಂಬುದು ಅವರ ಆಸೆ. ಅದೇ ಭಾನುವಾರ ಮಡತ್ತುಕುಳಂನಲ್ಲಿ ನನ್ನ ಆಫೀಸಿನವರೊಬ್ಬರ ಗೃಹಪ್ರವೇಶವೂ ಇತ್ತು. ಎರಡನ್ನೂ ಒಂದೇ ಕಾರಿನಲ್ಲಿ ಮುಗಿಸಿದರೆ ಒಂದು ಬಾಡಿಗೆ ಉಳಿಯುತ್ತದೆ ಎಂದು ನಾನೇ ಯೋಜನೆ ಹಾಕಿದೆ. ಗಂಡನಿಗೆ ಅಂದು ಡ್ಯೂಟಿ. ಹೋಗುವವರು ನಾವಿಬ್ಬರೇ, ಅತ್ತೆ ಮತ್ತು ಸೊಸೆ.

ದರ ವಿಚಾರಿಸಲು ಹೊರಟವಳಿಗೆ ತಲೆ ಕೆಟ್ಟುಹೋಯಿತು. ಒಬ್ಬ ಕಿಲೋಮೀಟರಿಗೆ ಕಡಿಮೆ ಹೇಳಿದ, ಆದರೆ ಓಡಲಿ ಬಿಡಲಿ ದಿನಕ್ಕೆ ಇಷ್ಟು ಕಿಲೋಮೀಟರಿನ ದುಡ್ಡು ಕೊಟ್ಟೇ ತೀರಬೇಕಂತೆ. ಇನ್ನೊಬ್ಬನ ಲೆಕ್ಕ ನಮ್ಮ ಮನೆಯಿಂದಲ್ಲ, ಅವನ ಶೆಡ್ಡಿನಿಂದ ಶುರುವಾಗಿ ಶೆಡ್ಡಿನಲ್ಲೇ ಮುಗಿಯುತ್ತಿತ್ತು. ಮೂರನೆಯವನು ಎಲ್ಲಕ್ಕಿಂತ ಅಗ್ಗ ಎಂದು ಖುಷಿಪಟ್ಟರೆ, ಟೋಲು, ಪಾರ್ಕಿಂಗು, ಡ್ರೈವರ್ ಭತ್ಯೆ ಎಂದು ಬಾಲ ಬೆಳೆಸುತ್ತಾ ಹೋದ. ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರುಗಳೂ ಇದ್ದವು. ನನ್ನ ಹತ್ತಿರ ಲೈಸೆನ್ಸಿದೆ, ಆದರೆ ಅದನ್ನು ಗುರುತಿನ ಚೀಟಿಯಾಗಿ ತೋರಿಸುವುದು ಬಿಟ್ಟು ಬೇರೆ ಕೆಲಸಕ್ಕೆ ಬಳಸಿದವಳಲ್ಲ. ಎಲ್ಲವನ್ನೂ ಕೂಡಿ ಕಳೆದು ನೋಡಿದರೆ ಅಗ್ಗದ್ದೇ ದುಬಾರಿ, ದುಬಾರಿಯದ್ದೇ ಅಗ್ಗ ಎಂದು ಕಾಣತೊಡಗಿತು.

ಕೆಳಗಿನ ಮನೆಯ ಯಜಮಾನಿ, ನಮ್ಮ ಮನೆಯ ಒಡತಿ, ಇದನ್ನೆಲ್ಲ ಕೇಳಿಸಿಕೊಂಡರು. ಅವರ ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಮನೆ. ಕನ್ನಡ ಓದಲು ಬರುವುದಿಲ್ಲ, ಮಾತು ಮಾತ್ರ ಉಂಟು, ಅದರಲ್ಲೂ ಅರ್ಧ ತಮಿಳು.

"ಯಾಕ್ ಮಾ ಹಳದಿ ಬೋರ್ಡ್ ವಂಡಿಗೆ ದುಡ್ ಕೊಟ್ಟು ಏಮಾರ್ತೀಯ? ನಂಗೆ ತೆರಿಂದವರು ಒಬ್ರು ಪೋತ್ತನೂರಲ್ ಅವ್ರೆ. ರೈಲ್ವೆ ವರ್ಕ್‌ಶಾಪಲ್ಲಿದ್ದು ರಿಟೈರ್ ಆದೋರು. ಮಾಪಿಳ್ಳೆ ವಂಡಿ ಅವರತ್ರನೇ ನಿಂತದೆ. ಡೀಸಲ್ ಹಾಕ್ಸಿ ಮೇಲೆ ಏನೋ ಕೊಂಚ ಕೊಡು, ಪೋದುಂ."

ತೆರಿಂದವರು ಅಂದರೆ ಪರಿಚಯದವರು, ವಂಡಿ ಅಂದರೆ ಗಾಡಿ, ಮಾಪಿಳ್ಳೆ ಅಂದರೆ ಅಳಿಯ. ಆ ಅಳಿಯ, ಮಗಳು ಇರುವುದು ಚೆನ್ನೈನಲ್ಲಿ. ಅಲ್ಲಿನ ಫ್ಲ್ಯಾಟಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದೆ ಅದನ್ನು ಮಾವನ ಮನೆಯಲ್ಲಿ ಬಿಟ್ಟು, ಬ್ಯಾಟರಿ ಇಳಿಯದಂತೆ ಆಗಾಗ ಓಡಿಸುತ್ತಿರಿ ಎಂದು ಹೇಳಿದ್ದರಂತೆ. ಮಾವ ಹೇಳಿದ ಮಾತು ಮೀರಿಲ್ಲ, ಓಡಿಸುತ್ತಿದ್ದಾರೆ. ಒಳಗೆ ಜನರನ್ನು ಕೂರಿಸಿಕೊಂಡು ಓಡಿಸುತ್ತಾರೆ, ಅಷ್ಟೇ. ಹಾಗೆ ಬಂದ ದುಡ್ಡು ದೀಪಾವಳಿಗೆ ಅದೇ ಅಳಿಯನ ಉಡುಗೊರೆಗೆ ಹೋಗುತ್ತದಂತೆ. ಈ ಏರ್ಪಾಟು ನನಗೆ ಬಹಳ ಹಿಡಿಸಿತು.

"ಆದ್ರೆ ಮಾಪಿಳ್ಳೆಗೆ ಇದು ತೆರಿಯಾದು ಮಾ. ಕೋಪಕ್ಕಾರರು. ಗೊತ್ತಾದ್ರೆ ಮಗಳು ದಿನಾ ಮಾತು ಕೇಳ್ಬೇಕು. ಅದ್ಕೇ ದಾರೀಲಿ ಯಾರಾದ್ರೂ ಹಿಡಿದ್ರೆ ಸೊಂದಕಾರ್‍ರು ಅಂತ ಹೇಳ್ಬಿಡು."

ಅವರ ಬಾಯಲ್ಲಿ ಸ್ವಂತ ಎನ್ನುವುದು ಯಾವಾಗಲೂ ಸೊಂದವೇ. ಸ್ವಂತ ಕಾರು ಎಂದು ಹೇಳಬೇಕು ತಾನೇ, ಹೇಳಿದರಾಯಿತು ಎಂದುಕೊಂಡೆ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ, ಸಿಕ್ಕಿಬಿದ್ದರೆ ದಂಡ, ಕಾರನ್ನೂ ಎಳೆದುಕೊಂಡು ಹೋಗುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಉಳಿಯುವ ದುಡ್ಡು ಕಣ್ಣೆದುರು ಕುಣಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಆ ಹಿರಿಯರು ಬಂದರು. ಮಡಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ವರ್ಕ್‌ಶಾಪಿನ ಸದ್ದಿನಲ್ಲಿ ಕಿವಿ ಸ್ವಲ್ಪ ಮಂದವಾಗಿದ್ದರಿಂದ ಅವರ ಫೋನು ಸದಾ ಸ್ಪೀಕರಿನಲ್ಲೇ ಇರುತ್ತಿತ್ತು. ನಾವಿಬ್ಬರೂ ಹಿಂದೆ ಕೂತೆವು. ಅವರು ಕೈಮುಗಿದು ನನ್ನನ್ನು ಮುಂದಿನ ಸೀಟಿಗೆ ಕರೆದರು. ಇಬ್ಬರೂ ಹಿಂದೆ ಕೂತರೆ ನೋಡಿದವರಿಗೆ ಟ್ಯಾಕ್ಸಿ ಎಂದು ತಿಳಿದುಬಿಡುತ್ತದಂತೆ. ಸ್ವಂತ ಕಾರಿನವಳ ಗತ್ತಿನಲ್ಲಿ ನಾನು ಮುಂದೆ ಬಂದು ಬೆಲ್ಟ್ ಹಾಕಿಕೊಂಡೆ.

ನೆಗಮಂನಲ್ಲಿ ಅತ್ತೆ ಕನ್ನಡದಲ್ಲೇ ಚೌಕಾಸಿ ಮಾಡಿದರು, ಮಗ್ಗದ ಮನೆಯಾಕೆ ತಮಿಳಿನಲ್ಲೇ ಬಗ್ಗದೆ ಕೂತಳು. ಕೊನೆಗೆ ಇಬ್ಬರೂ ನಗುತ್ತಾ ಎದ್ದರು. ಯಾರು ಸೋತರೋ ನನಗೆ ತಿಳಿಯಲಿಲ್ಲ. ಮಡತ್ತುಕುಳಂನಲ್ಲಿ ಬಾಳೆಎಲೆಯ ಊಟ ಬಿಗಿಯಾಗಿ ಆಯಿತು. ಹಿಂದಿರುಗುವಾಗ ನನಗೆ ಮಂಪರು ಹತ್ತಿತ್ತು. ಉಡುಮಲಪೇಟೆ ದಾಟಿ ಸ್ವಲ್ಪ ದೂರ ಬಂದಿರಬೇಕು, ಕಾರು ಗಕ್ಕನೆ ನಿಂತಿತು. ಕಣ್ಣು ಬಿಟ್ಟರೆ ಎದುರಿಗೆ ಜೀಪು, ಅಡ್ಡ ಹಿಡಿದ ಕೈ. ವಾಹನ ತಪಾಸಣೆ.

ಹಿರಿಯರು ಕಾಗದಪತ್ರ ಹಿಡಿದು ಇಳಿದರು. ಕಾರು ಅಳಿಯನದು ಎಂದು ಅವರು ಹೇಳಿದ್ದು ನನ್ನ ಮಂಪರಿಗೆ ಕೇಳಿಸಿರಲಿಲ್ಲ. ಅಧಿಕಾರಿ ನನ್ನ ಕಿಟಕಿಗೆ ಬಗ್ಗಿ "ವಾಡಗೈ ವಂಡಿಯಾ?" ಎಂದ. ಬಾಡಿಗೆ ಗಾಡಿಯೇ ಎಂದು ಕೇಳುತ್ತಿದ್ದಾನೆ. ನಾನು ನಿದ್ದೆಗಣ್ಣಿನಲ್ಲೂ ತಡವರಿಸಲಿಲ್ಲ.

"ಇಲ್ಲೆ ಸಾರ್. ಸೊಂದ ಕಾರ್. ಎಂಗ ಕಾರ್."

ಅದೇ ಗಳಿಗೆಗೆ ಆ ಕಡೆಯಿಂದ ಹಿರಿಯರು "ಸೊಂದಕ್ಕಾರಂಗ ಸಾರ್" ಎಂದರು. ಇಬ್ಬರೂ ಒಂದೇ ಮಾತು ಹೇಳಿದೆವಲ್ಲ ಎಂದು ನನಗೆ ಧೈರ್ಯ ಬಂತು. ಅಧಿಕಾರಿ ಮಾತ್ರ ನನ್ನನ್ನೊಮ್ಮೆ ಅವರನ್ನೊಮ್ಮೆ ನೋಡಿದ. ಕಾಗದದಲ್ಲಿದ್ದ ಹೆಸರನ್ನು ಗಟ್ಟಿಯಾಗಿ ಓದಿದ. ಗಂಡಸಿನ ಹೆಸರು.

"ಇದು ಯಾರು?" ಎಂದು ನನ್ನನ್ನೇ ಕೇಳಿದ.

ಕಾರು ನಮ್ಮ ಸ್ವಂತದ್ದು ಎಂದಾಗಿದೆ. ಹೆಸರು ಗಂಡಸಿನದು. ಹಾಗಿದ್ದ ಮೇಲೆ ಅದು ಯಾರಾಗಿರಬೇಕು? ಗ್ಯಾಸ್ ಸಿಲಿಂಡರಿನವನಿಂದ ಕಲಿತ ಒಂದು ತಮಿಳು ಪದ ನನ್ನಲ್ಲಿ ಸಿದ್ಧವಾಗಿತ್ತು.

"ಎನ್ ವೀಟ್ಟುಕ್ಕಾರರ್ ಸಾರ್" ಎಂದೆ. ನಮ್ಮ ಯಜಮಾನರು.

ಹಿರಿಯರು "ಐಯೋ" ಎಂದು ಬಾನೆಟ್ ಹಿಡಿದುಕೊಂಡರು. ನಾನು ಏನು ತಪ್ಪು ಹೇಳಿದೆ ಎಂಬುದು ನನಗೆ ಹೊಳೆಯಲಿಲ್ಲ. ಹಿಂದಿನಿಂದ ಅತ್ತೆ "ಏನ್ ಕೇಳಾಕ್ಹತ್ಯಾನವಾ ಅಂವ?" ಎಂದರು. ನಾನು ಕೈಸನ್ನೆಯಲ್ಲಿ ಸುಮ್ಮನಿರಲು ಹೇಳಿದೆ. ಅಧಿಕಾರಿಗೆ ಈಗ ಕುತೂಹಲ ಹೆಚ್ಚಿತ್ತು. ಪೆರಿಯವರೇ, ನೀವು ಇದು ಅಳಿಯನ ಕಾರು ಅನ್ನುತ್ತೀರಿ, ಈಯಮ್ಮ ಗಂಡನ ಕಾರು ಅನ್ನುತ್ತಾರೆ, ಅಂದರೆ ಇವರು ನಿಮ್ಮ ಮಗಳೋ ಎಂದು ಕೇಳಿದ. ಹಿರಿಯರು ಇಲ್ಲವೆಂದು ತಲೆಯಾಡಿಸಿದರು. ಅದನ್ನು ನೋಡದ ನಾನು ಅದೇ ಹೊತ್ತಿಗೆ ಹೌದೆಂದು ಆಡಿಸಿದೆ.

ಕಾರಿನ ಮಾಲೀಕನಿಗೆ ಫೋನು ಹಚ್ಚಿ ಎಂದ ಅಧಿಕಾರಿ. ಅಳಿಯನನ್ನು ತೊಂದರೆಪಡಿಸುವುದು ಬೇಡ ಎಂದು ಹಿರಿಯರು ಬೇಡಿಕೊಂಡರು. ದಂಡ ಎಷ್ಟಾದರೂ ತಾನೇ ಕಟ್ಟುತ್ತೇನೆ ಎಂದೂ ಹೇಳಿದರು. ಅಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದ ಅಧಿಕಾರಿ ಕೇಳಲಿಲ್ಲ. ಹಿರಿಯರ ಬೆರಳು ಎರಡು ಸಲ ತಪ್ಪು ಹೆಸರಿನ ಮೇಲೆ ಬಿತ್ತು. ಮೂರನೆಯ ಸಲ ರಿಂಗಾಯಿತು. ಆಗ ನನಗೆ ನಿಜವಾಗಿ ಹೆದರಿಕೆ ಹತ್ತಿತು. ಕಾರು ಹೋದರೆ ಹೋಗಲಿ, ಚೆನ್ನೈನ ಆ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಇವತ್ತಿನಿಂದ ಮಾತು ಕೇಳಬೇಕಾಗುತ್ತದೆ ಎಂದು ಕೆಳಗಿನ ಮನೆಯಾಕೆ ಹೇಳಿದ್ದು ಆಗ ಕಿವಿಯೊಳಗೆ ಇಳಿಯಿತು.

ಅಧಿಕಾರಿ ಫೋನು ತೆಗೆದುಕೊಂಡ. ಸ್ಪೀಕರಿನಲ್ಲಿದ್ದುದರಿಂದ ರಸ್ತೆಗೆಲ್ಲ ಕೇಳುತ್ತಿತ್ತು. ನಿಮ್ಮ ಹೆಂಡತಿ ಇಲ್ಲಿ ಕಾರಿನಲ್ಲಿ ಕೂತಿದ್ದಾರೆ ಎಂದ. ಆ ಕಡೆಯ ದನಿ, ನನ್ನ ಹೆಂಡತಿ ಇಲ್ಲಿ ಕಾಫಿ ಮಾಡುತ್ತಿದ್ದಾಳೆ ಸಾರ್ ಎಂದಿತು. ಹಿಂದಿನಿಂದ ಹೆಣ್ಣುದನಿಯೊಂದು "ಯಾರುಂಗೊ ಅದು?" ಎಂದು ಕೇಳಿದ್ದೂ ನಮಗೆ ಕೇಳಿಸಿತು. ಹಿರಿಯರು ನೆಲ ನೋಡುತ್ತಾ ನಿಂತಿದ್ದರು. ನನ್ನ ತಲೆಯಲ್ಲಿ ಯಾವ ಭಾಷೆಯೂ ಉಳಿದಿರಲಿಲ್ಲ.

ಅಳಿಯ ಕೇಳಿದ, ಕಾರಿನಲ್ಲಿ ನಮ್ಮ ಮಾವ ಇದ್ದಾರಾ? ಇದ್ದಾರೆ. ಎಷ್ಟು ಜನ? ಇಬ್ಬರು ಹೆಂಗಸರು, ಕನ್ನಡದವರ ಹಾಗೆ ಕಾಣುತ್ತಾರೆ.

"ಸೊಂದಕ್ಕಾರಂಗ ದಾನ್ ಸಾರ್" ಎಂದ ಅಳಿಯ. "ಅವಂಗಳುಕ್ಕು ತಮಿಳ್ ಸರಿಯಾ ವರಾದು. ಮಾತ್ತಿ ಸೊಲ್ಲಿಟ್ಟಾಂಗ."

ತಮಿಳು ಸರಿಯಾಗಿ ಬರುವುದಿಲ್ಲ, ಏನೋ ಅದಲು ಬದಲು ಹೇಳಿಬಿಟ್ಟಿದ್ದಾರೆ. ಅಧಿಕಾರಿ ಜೋರಾಗಿ ನಕ್ಕು ಕಾಗದಗಳನ್ನು ವಾಪಸ್ ಕೊಟ್ಟ. ಹೋಗುವಾಗ ನನಗೆ ಕೈಮುಗಿದು, ಮೊದಲು ಗಂಡ ಯಾರೆಂದು ತಿಳಿದುಕೊಳ್ಳಿ ಎಂಬರ್ಥದ ಏನನ್ನೋ ಹೇಳಿದ. ಅದೊಂದು ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು.

ಕಾರು ಹೊರಟ ಮೇಲೆ ಹಿರಿಯರು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ, ಬಿಡಿಸಿ ಹೇಳಿದರು. ಸೊಂದಕ್ಕಾರಂಗ ಅಂದರೆ ನೆಂಟರು. ಸ್ವಂತವೂ ಅಲ್ಲ, ಕಾರೂ ಅಲ್ಲ. ಕೆಳಗಿನ ಮನೆಯಾಕೆ ನನಗೆ ಹೇಳಿದ್ದು, ಕೇಳಿದವರಿಗೆ ನೆಂಟರು ಅಂದುಬಿಡು ಎಂದು. ನಾನು ನೆಂಟಸ್ತನ ಬಿಟ್ಟು ಸೀದಾ ಮಾಲೀಕಳಾಗಿ, ಅವರ ಕಣ್ಣೆದುರೇ ಅವರ ಅಳಿಯನನ್ನು ನನ್ನ ಗಂಡನನ್ನಾಗಿ ಮಾಡಿಕೊಂಡಿದ್ದೆ. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಕೆಳಗಿನ ಮನೆಯಾಕೆಯ ಮೇಲೆ ಕೆಂಡದಂಥ ಕೋಪವೂ ಬಂತು. ಕನ್ನಡದ ನಡುವೆ ಹೇಳದೆ ಕೇಳದೆ ತಮಿಳು ತೂರಿಸಿದರೆ ಕೇಳುವವರ ಗತಿಯೇನು? ಅತ್ತೆಗೆ ವಿಷಯ ಹೇಳಿದರೆ ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. "ನನ್ನ ಮಗನ್ನ ಎಲ್ಲಿಗೆ ಕಳಿಸ್ದಿಯವಾ?" ಎಂದರು.

ಪೊಳ್ಳಾಚಿ ಬರುವ ಮೊದಲೇ ಫೋನು ಮತ್ತೆ ಹೊಡೆದುಕೊಂಡಿತು. ಅಳಿಯ. ಹಿರಿಯರು ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಇಳಿಯುವಷ್ಟೂ ವ್ಯವಧಾನವಿಲ್ಲದೆ ಅಲ್ಲೇ ಎತ್ತಿಕೊಂಡರು.

"ಮಾಮಾ, ವಂದವಂಗಳುಕ್ಕು ಸಾಪ್ಪಾಡು ಪೋಟ್ಟು ಅನುಪ್ಪುಂಗೊ" ಎಂದಿತು ದನಿ. ಬಂದವರಿಗೆ ಊಟ ಹಾಕಿ ಕಳಿಸಿ. ಆಮೇಲೆ, "ಸೊಂದಕ್ಕಾರಂಗಕಿಟ್ಟ ಯಾರಾವದು ವಾಡಗೈ ವಾಂಗುವಾಂಗಳಾ?" ಎಂದಿತು. ನೆಂಟರ ಹತ್ತಿರ ಯಾರಾದರೂ ಬಾಡಿಗೆ ತೆಗೆದುಕೊಳ್ಳುತ್ತಾರಾ? ಅಷ್ಟೇ. ಫೋನು ಕಟ್ಟಾಯಿತು.

ಅಂದರೆ ಅಳಿಯನಿಗೆ ಎಲ್ಲವೂ ತಿಳಿದಿದೆ. ಇವತ್ತು ತಿಳಿಯಿತೋ, ಮೊದಲಿನಿಂದಲೇ ಗೊತ್ತಿತ್ತೋ ಯಾರಿಗೆ ಗೊತ್ತು. ಹಿರಿಯರು ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಸಿರಿಚ್ಚಾರಾಮ್ಮಾ, ಕೋಪಮಾ? ಎನಕ್ಕು ಕಾದು ಸರಿಯಾ ಕೇಕ್ಕಲೆ."

ಅಳಿಯಂದಿರು ನಗುತ್ತಾ ಹೇಳಿದರೋ, ಸಿಟ್ಟಿನಿಂದಲೋ, ತಮ್ಮ ಕಿವಿಗೆ ಸರಿಯಾಗಿ ಕೇಳಿಸಲಿಲ್ಲ ಎಂದು ನನ್ನನ್ನು ಕೇಳುತ್ತಿದ್ದರು. ನನ್ನ ಕಿವಿಗೆ ಪ್ರತಿ ಅಕ್ಷರವೂ ಕೇಳಿಸಿತ್ತು. ಆದರೆ ಒಂದು ಪದಕ್ಕೆ ಆಗಲೇ ತಪ್ಪು ಅರ್ಥ ಮಾಡಿ ಇವರ ಮಾನ ಬೀದಿಗೆ ತಂದವಳು ನಾನು. ದನಿಯೊಳಗೆ ಏನಿತ್ತು ಎಂದು ಯಾವ ಬಾಯಲ್ಲಿ ಹೇಳಲಿ? ನಕ್ಕ ಹಾಗಿತ್ತು. ನಗುವ ಹಾಗೆ ಹೇಳಿ ನೋಯಿಸುವವರೂ ಇರುತ್ತಾರೆ. ಗೊತ್ತಾಗಲಿಲ್ಲ ಎಂದೆ. ಅವರು ಕಾರು ಚಾಲೂ ಮಾಡಿದರು. ದಾರಿಯಲ್ಲೊಂದು ಹೋಟೆಲಿನ ಮುಂದೆ ನಿಲ್ಲಿಸಿ, ನಾವು ಬೇಡ ಬೇಡವೆಂದರೂ ಇಡ್ಲಿ, ಕಾಫಿ ಕೊಡಿಸಿದರು. ತಾವು ಮಾತ್ರ ಏನೂ ಮುಟ್ಟಲಿಲ್ಲ.

ಮನೆಯ ಗೇಟಿನ ಮುಂದೆ ನಾನು ದುಡ್ಡು ಚಾಚಿದೆ. ಮೊದಲು ಒಪ್ಪಿಕೊಂಡದ್ದಕ್ಕಿಂತ ಹೆಚ್ಚೇ ಇತ್ತು. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು. ಡೀಸಲಿನದ್ದಾದರೂ ತಗೊಳ್ಳಿ ಎಂದೆ, ನನ್ನ ಹರಕು ತಮಿಳಿನಲ್ಲಿ ಹೇಳಬಹುದಾದ ಎಲ್ಲ ರೀತಿಯಲ್ಲೂ ಹೇಳಿದೆ. ಅವರ ಜೇಬಿಗೇ ತುರುಕೋಣವೆಂದು ಹೆಜ್ಜೆ ಮುಂದಿಟ್ಟಾಗ ಫೋನು ಬಂತು.

ಈ ಸಲ ಮಗಳು. ಅವರು ಅವಸರದಲ್ಲಿ ಸ್ಪೀಕರು ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡರು. ಅವಳು ಏನು ಕೇಳಿದಳೋ ನಮಗೆ ಕೇಳಿಸಲಿಲ್ಲ. ಅವರ ಕಣ್ಣು ನನ್ನ ಕೈಯಲ್ಲಿದ್ದ ನೋಟುಗಳ ಮೇಲೇ ಇತ್ತು.

"ವಾಂಗಲೆ ಅಮ್ಮಿಣಿ" ಎಂದರು. ತಗೊಂಡಿಲ್ಲ ಕಂದಾ. ಆ ಕಡೆ ಮತ್ತೆ ಏನೋ ಕೇಳಿರಬೇಕು. "ನಿಜಮಾ ವಾಂಗಲೆ. ಉನ್ ಮೇಲೆ ಸತ್ತಿಯಂ." ನಿಜವಾಗಿ ತಗೊಂಡಿಲ್ಲ, ನಿನ್ನಾಣೆ.

ನಾನು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಅವರು ಫೋನಿನಲ್ಲಿ ಹೂಂಗುಡುತ್ತಲೇ ಕಾರು ಹತ್ತಿದರು. ಹೊರಡುವ ಮೊದಲು ನಮ್ಮಿಬ್ಬರಿಗೂ ತಲೆಬಾಗಿ, ಮನೆಯವರಿಗೆ ಹೇಳುವ ಹಾಗೆ "ಪೋಯ್ಟು ವರೇನ್" ಎಂದರು. ಹೋಗಿ ಬರುತ್ತೇನೆ.

ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಅತ್ತೆ ನೋಡುತ್ತಾ ನಿಂತಿದ್ದರು.

"ರೊಕ್ಕ ತಗೊಳ್ಳಿಲ್ಲಲ್ಲ" ಎಂದರು. "ಹಂಗಾರ ಅವ್ರು ನಮಗ ಏನಾಗ್ಬೇಕವಾ?"