ನೀರು ಕುಡಿಯದ ಗಾಡಿಯ ಸುವಾರ್ತಮ್ಮ

ಗಾಡಿ ನಿಲ್ಲಿಸಿದ ಕೂಡಲೇ ಸುವಾರ್ತಮ್ಮ ಸಿಸ್ಟರ್ ಇಳಿದು ಹಿಂದಕ್ಕೆ ಹೋಗಿ, ಜ್ವರ ಬಂದ ಕೂಸಿನ ಮೈ ಮುಟ್ಟಿ ನೋಡಿದ ಹಾಗೆ ಗಾಡಿಯ ಬೆನ್ನಿಗೆ ಅಂಗೈ ಹಚ್ಚುತ್ತಿದ್ದಳು. ಕಣ್ಣು ಮುಚ್ಚುತ್ತಿದ್ದಳು. "ಸುಡ್ತದ, ಆದ್ರ ಜ್ವರ ಅಲ್ಲ" ಎಂದರೆ ಮುಂದೆ ಹೋಗಬಹುದು. "ಇವತ್ತ ಇದಕ ಆರಾಮಿಲ್ಲ" ಎಂದರೆ ಮುಗಿಯಿತು, ಅದು ತಣ್ಣಗಾಗುವವರೆಗೆ ನಾವು ಬೇವಿನ ಮರದ ಕೆಳಗೆ ಕೂಡಬೇಕು. ನನ್ನ ರೊಟ್ಟಿಯೂ ತಣ್ಣಗಾಗುತ್ತಿತ್ತು. ಹೇಳಿದರೆ, "ರೊಟ್ಟಿ ಮತ್ತ ಬಡೀಬಹುದು ಕಾಶಿಬಾಯಿ, ಇಂಜಿನ್ ಬಡಿಲಾಕ ಬರಲ್ಲ" ಎಂಬ ಉತ್ತರ.

ಎದುರಿಗೆ ನಾನು ಆಕೆಗೆ ರೀ ಹಚ್ಚಿ ಮಾತಾಡುತ್ತಿದ್ದೆ. ನರ್ಸಬಾಯಿ, ಕಲಿತವಳು. ಇಲ್ಲಿ ಅವಳು, ಆಕೆ ಎಂದೇ ಹೇಳುತ್ತೇನೆ. ಅಷ್ಟು ವರ್ಷ ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂತವಳಿಗೆ ಕಾಗದದ ಮೇಲೆ ಯಾತರ ರೀ?

ಬೀದರದಲ್ಲಿ ನಮ್ಮ ಮನೆ, ಅವಳ ಮನೆ ಒಂದೇ ಓಣಿ. ಅವಳದು ಚರ್ಚಿನ ಕಡೆಯ ತುದಿ, ನನ್ನದು ಗಿರಣಿಯ ಕಡೆಯದು. ನಾನು ಜೋಳದ ರೊಟ್ಟಿ ಬಡಿದು ಭಾಲ್ಕಿ, ಔರಾದಗಳ ಖಾನಾವಳಿಗೆ ಕೊಡುತ್ತಿದ್ದೆ. ಅವಳು ನೌಕರಿಯಿಂದ ಇಳಿದ ಮೇಲೂ ಸುಮ್ಮನೆ ಕೂಡಲಿಲ್ಲ. ಒಂದು ದಿನ ಭಾಲ್ಕಿಯ ಆಚೆ ಖಟಕ ಚಿಂಚೋಳಿ, ಒಂದು ದಿನ ಔರಾದ ದಾಟಿ ಎಕಂಬಾ. ಬಸುರಿಯರ, ಬಾಣಂತಿಯರ ಬಿ.ಪಿ. ನೋಡುವುದು, ಕೂಸು ತೂಗುವುದು, ಅತ್ತೆಯರಿಗೆ ಬೈಯುವುದು. ದವಾಖಾನೆಗೆ ಒಯ್ಯಬೇಕಾದವಳಿದ್ದರೆ ಅದೇ ಗಾಡಿಯಲ್ಲಿ ಹಾಕಿಕೊಂಡು ಬರುವುದು. ಹೇಗೂ ಆ ಕಡೆ ಹೋಗುತ್ತಾಳೆಂದು ನನ್ನ ಬುಟ್ಟಿಯನ್ನೂ ನನ್ನನ್ನೂ ಹತ್ತಿಸಿಕೊಂಡಳು. ಆಕೆ ಮದುವೆ ಯಾಕೆ ಆಗಲಿಲ್ಲ ಎಂದು ನಾನು ಕೇಳಲಿಲ್ಲ. ನನ್ನ ಗಂಡ ಎಲ್ಲಿ ಹೋದ ಎಂದು ಆಕೆ ಕೇಳಲಿಲ್ಲ. ಅದಕ್ಕೇ ನಮ್ಮಿಬ್ಬರದು ಅಷ್ಟು ದಿನ ನಡೆಯಿತು.

ಗಾಡಿ ಮಿಶನ್ ದವಾಖಾನೆಯ ಡಾಕ್ಟರಮ್ಮನದು. ಆಕೆ ತನ್ನ ದೇಶಕ್ಕೆ ಹೋಗುವಾಗ ಇವಳಿಗೆ ಬಿಟ್ಟುಹೋಗಿದ್ದಳು. ಆಮೆ ಬೆನ್ನಿನ ಗಾಡಿ. ಊರ ನಡುವಿನ ಚೌಬಾರಾದ ಹುಡುಗರು "ಕಛವಾ ಬಂತು, ಆಮೆ ಬಂತು" ಎಂದು ಕೂಗುತ್ತಿದ್ದರು. ಎಲ್ಲ ಗಾಡಿಗಳಿಗೆ ಇಂಜಿನ್ ಮುಂದೆ, ಇದಕ್ಕೆ ಹಿಂದೆ. ಎಲ್ಲ ಗಾಡಿಗಳು ನೀರು ಕುಡಿದು ತಣ್ಣಗಾಗುತ್ತವೆ, ಇದು ಬರೀ ಗಾಳಿಯಿಂದ. ಒಳಗೊಂದು ಫ್ಯಾನು, ಅದನ್ನು ತಿರುಗಿಸಲು ಒಂದು ಪಟ್ಟಿ. ಪಟ್ಟಿ ಹರಿದರೆ ಅಲ್ಲೇ ನಿಲ್ಲಬೇಕು, ಒಂದು ಹೊಲ ಸಹ ದಾಟಬಾರದು. ಸೀಟಿನ ಕೆಳಗೆ ಬೈಬಲ್ ಇಲ್ಲದ ದಿನ ನೋಡಿದ್ದೇನೆ, ಎರಡನೇ ಪಟ್ಟಿ ಇಲ್ಲದ ದಿನ ನೋಡಿಲ್ಲ.

ಆಕೆಯದು ಒಂದೇ ಹಟ. ಗಾಡಿ ದಿನಾ ಗೇಟು ದಾಟಬೇಕು. ಭಾನುವಾರ ಚರ್ಚಿಗಾದರೂ ಸರಿ. "ನಿಂತ್ರ ಎಣ್ಣಿ ತಳಕ್ಕ ಕೂಡ್ತದ, ರಬ್ಬರ ಸೆಟಿತದ, ಇಲಿ ಮನಿ ಮಾಡ್ತಾವ. ಮನಶ್ಯಾರದೂ ಹಂಗ" ಎನ್ನುತ್ತಿದ್ದಳು. ದಿನಾ ಓಡಬೇಕೆಂದರೆ ಅದನ್ನು ಹಳೆಯ ಹಾಗೇ ಇಟ್ಟರೆ ಆಗುತ್ತದೆಯೇ? ಮೊದಲು ಅದರ ದೀಪ ಚಿಮಣಿಯಂತೆ ಮಿಣುಕುತ್ತಿತ್ತು. ಬ್ಯಾಟರಿ, ಡೈನಮೊ ತೆಗೆಸಿ ಯಾವುದೋ ವ್ಯಾನಿನದು ಕೂಡಿಸಿದಳು. ಕಾರ್ಬೊರೇಟರ್ ಇನ್ಯಾವುದೋ ಗಾಡಿಯದು. ಹಾರ್ನು ಆಟೋದ್ದು. ಇದನ್ನೆಲ್ಲ ಮಾಡಿದವನು ಮೆಕ್ಯಾನಿಕ್ ಖಾದರ. ಒಂದೊಂದು ಸಾಮಾನು ಕೂಡಿಸುವಾಗಲೂ ಅವರಿಬ್ಬರೂ ಅತ್ತೆ ಸೊಸೆಯ ಹಾಗೆ ಜಗಳಾಡುತ್ತಿದ್ದರು. "ಅಮ್ಮಾ, ಇದು ಬೈಠತಾ ನೈ" ಎಂದು ಅವನು. "ಕೂಡಂಗಿಲ್ಲ ಅಂದ್ರ ನಿಂದರ್ಸು, ಹ್ಯಾಂಗಾರ ಹಚ್ಚು" ಎಂದು ಇವಳು.

ಚಳಿ ದೇಶದ ಗಾಡಿ. ಇಂಜಿನ್ನಿನ ಬಿಸಿಗಾಳಿ ಕಾಲ ಬುಡಕ್ಕೆ ಬರಲೆಂದು ಕೊಳವೆ ಇದ್ದವು. ಬೀದರದ ಬಿಸಿಲಿನಲ್ಲಿ ಅದು ಯಾವ ಪಾಪಕ್ಕೆ? ಮುಂದಿನದನ್ನು ಬಟ್ಟೆ ತುರುಕಿ ಮುಚ್ಚಿಸಿದಳು. ಹಿಂದಿನ ಸೀಟಿನ ಕೆಳಗಿನದನ್ನು ಮಾತ್ರ ಮುಚ್ಚದೆ ಬಿಟ್ಟು, ಅದರ ಬಾಯಿಗೆ ನನ್ನ ರೊಟ್ಟಿ ಬುಟ್ಟಿ ಇಡಿಸಿದಳು. "ಭಾಲ್ಕಿತನ ಬಿಸಿ ಇರ್ತಾವ ನೋಡು" ಎಂದಳು. ಬಿಸಿ ಇದ್ದವು. ಖಾನಾವಳಿಯ ಮಾಲಕ ಒಂದನ್ನು ಎತ್ತಿ ಮೂಸಿ, "ಬಾಯಿ, ಹಿಟ್ಟಿನ್ಯಾಗ ಏನ್ ಕಲಸೀರಿ? ಗ್ಯಾರೇಜ್ ನಾರ್ತದ" ಎಂದ. ನಾನು ಸಿಟ್ಟಿಗೆದ್ದು ರೊಟ್ಟಿಯನ್ನು ಸಿಸ್ಟರಿನ ಮೂಗಿಗೆ ಹಿಡಿದೆ. ಆಕೆ ಮೂಸಿದಳು, ತಿರುಗಿಸಿ ಮತ್ತೆ ಮೂಸಿದಳು. "ಖರೇ ಅದ. ಒಳಗ ಎಲ್ಲೋ ಎಣ್ಣಿ ಸೋರಲತ್ತದ" ಎಂದು ಸೀದಾ ಖಾದರನ ಹತ್ತಿರ ಹೋದಳು. ಸೋರುತ್ತಿತ್ತು. ಅಂದಿನಿಂದ ಊರು ಮುಟ್ಟಿದ ಮೇಲೆ ಒಂದು ರೊಟ್ಟಿ ಮೂಸದೆ ಬುಟ್ಟಿ ಇಳಿಸಲು ಬಿಡುತ್ತಿರಲಿಲ್ಲ. ಜನ ಅದನ್ನು ನೋಡಿ, ಕಿರಿಸ್ತಾನರ ಪದ್ಧತಿ ಇರಬೇಕು ಎಂದುಕೊಂಡಿದ್ದರು.

ಒಂದು ಸಲ ಭಾಲ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ ಆಕೆ ಔಷಧ ತರಲು ಹೋಗಿದ್ದಳು. ನಾನು ಖಾನಾವಳಿಯಲ್ಲಿದ್ದೆ. ಬಿಸಿಲಿಗೆ ಇಂಜಿನ್ ಟಿಕ್ ಟಿಕ್ ಎನ್ನುತ್ತಿತ್ತು. ಯಾರೋ ಪುಣ್ಯಾತ್ಮ ಅದನ್ನು ಕೇಳಿ, ಗಾಡಿ ಕಾದುಹೋಗಿದೆ ಎಂದು ಕೊಡ ತುಂಬ ನೀರು ತಂದ. ಮುಂದಿನ ಮುಚ್ಚಳ ಎತ್ತಿದ. ಇಂಜಿನ್ ಕಾಣಲಿಲ್ಲ, ಆದರೆ ಒಂದು ಬಿರಡೆ ಕಂಡಿತು. ಬಿಚ್ಚಿ ಸುರಿದ. ಅದು ಪೆಟ್ರೋಲ್ ಟಾಕಿ.

ಸಿಸ್ಟರ್ ಬಂದು ನೋಡಿದಳು. ಖಾನಾವಳಿಯಿಂದ ಬಂದ ನಾನು, ಈಗ ಬೈಗುಳ ಬೀಳುತ್ತವೆ ಎಂದು ನಿಂತೆ. ಆಕೆ ಮೆತ್ತಗೆ ಕೇಳಿದಳು, "ಎಷ್ಟ ಹಾಕಿದ್ರಿ?"

"ಬಾಯಿತನ ಹಾಕೀನ್ರಿ. ಪಾಪ, ಭಾಳ ನೀರಡಿಸಿತ್ತು."

ಆಕೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ನಗಲು ಹತ್ತಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ಮನುಷ್ಯನೂ ಏನೆಂದು ತಿಳಿಯದೆ ಜೊತೆಗೆ ನಕ್ಕ. ಟಾಕಿ ಖಾಲಿ ಮಾಡಿ, ತೊಳೆದು, ಒಣಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಮರುದಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ತಾನೇ ಬರೆದಳು: ಈ ಗಾಡಿ ನೀರು ಕುಡಿಯುವುದಿಲ್ಲ. ಅದನ್ನು ಓದಿ, "ಮತ್ತೇನ್ ಕುಡಿತದ್ರಿ, ಶಿಂದಿ ಕುಡಿತದೇನು?" ಎಂದು ಕೇಳದವರು ಔರಾದದಲ್ಲಿ ಯಾರೂ ಉಳಿಯಲಿಲ್ಲ.

ಸುಗ್ಗಿಯಲ್ಲಿ ಬೇರೆ ತಾಪತ್ರಯ. ನಮ್ಮ ಕಡೆ ರಾಶಿಯ ಕಾಲಕ್ಕೆ ರೈತರು ಕೊಯ್ದದ್ದನ್ನು ತಂದು ಡಾಂಬರ್ ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು, ಲಾರಿ ಅದರ ಮೇಲೆ ಹೋಗಿ ಹೋಗಿ ಕಾಳು ಉದುರುತ್ತದೆ. ಎಲ್ಲರಿಗೂ ಅದು ಪುಕ್ಕಟೆ ಕಣ, ಆಕೆಗೆ ಮಾತ್ರ ವೈರಿ. ಹೊಟ್ಟು ಹಾರಿ ಹಿಂದಿನ ಗಾಳಿಯ ಜಾಲಿಯಿಂದ ಫ್ಯಾನಿಗೆ ಹೋದರೆ ಗಾಳಿ ಕಟ್ಟಿ ಇಂಜಿನ್ ಬೆಂದುಹೋಗುತ್ತದೆ. ಖಟಕ ಚಿಂಚೋಳಿಯ ದಾರಿಯಲ್ಲಿ ಒಬ್ಬ ಮುದುಕನ ರಾಶಿಯ ಮುಂದೆ ಗಾಡಿ ನಿಲ್ಲಿಸಿಬಿಟ್ಟಳು.

"ಹಾಯಿಸ್ರಿ ಬಾಯಿ, ಎಲ್ಲಾ ಗಾಡಿ ಹೊಂಟಾವ. ನಿಮ್ಮದೇನ್ ಬಂಗಾರದ್ದ?" ಎಂದ ಮುದುಕ.

"ನಿಮ್ಮ ಹೊಟ್ಟು ನನ್ನ ಗಾಡಿ ಮೂಗಿನ್ಯಾಗ ಹೋಗ್ತದ್ರಿ."

"ಮೂಗು ಮುಂದ ಇರ್ತದಲ್ರಿ?"

"ಇದರದು ಹಿಂದ ಅದ."

ಮುದುಕ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಹಿಂದ ಮೂಗಿದ್ದದ್ದು ನಮ್ಮ ಎಮ್ಮಿನೂ ಅಲ್ಲ, ನಿಮ್ಮ ಗಾಡಿನೂ ಅಲ್ಲ, ಏನೋ ದೆವ್ವ ಅದ" ಎಂದು ದಾರಿ ಬಿಡಿಸಿದ. ಮನೆಗೆ ಬಂದವಳೇ ನನ್ನ ಹಿಟ್ಟಿನ ಜರಡಿ ಒಯ್ದು, ಕತ್ತರಿಸಿ, ಆ ಜಾಲಿಯ ಮೇಲೆ ಹೊಲಿದ ಹಾಗೆ ಕೂಡಿಸಿದಳು. ನಾನು ಎರಡು ದಿನ ಮಾತು ಬಿಟ್ಟೆ. ಹಿಟ್ಟು ಸಾಣಿಸಲು ಹೊಸ ಜರಡಿ ತಂದುಕೊಟ್ಟಳು, ಆದರೆ ಅದರ ಕಣ್ಣು ದೊಡ್ಡದು. ಅದನ್ನು ನಾನು ಈವತ್ತೂ ಹೇಳುತ್ತೇನೆ.

ಆಮೇಲೆ ಸಕ್ಕರೆ ಕಾಯಿಲೆ ಆಕೆಯ ಕಣ್ಣಿಗೆ ಇಳಿಯಿತು. ಹೇಳಲಿಲ್ಲ. ಒಂದು ದಿನ ಎಮ್ಮೆಯನ್ನು ಬಿಟ್ಟು ಎಮ್ಮೆಯ ನೆರಳಿಗೆ ಬ್ರೇಕ್ ಹಾಕಿದಳು. ಆಗ ನನಗೆ ತಿಳಿಯಿತು.

"ಸಿಸ್ಟರ್, ಗಾಡಿ ಮಾರಿಬಿಡ್ರಿ" ಎಂದೆ. "ನಿಮಗ ಕಾಣಲ್ಲ. ನೀವು ಸಾಯ್ರಿ, ನನ್ನ ಯಾಕ ಕೊಲ್ತೀರಿ?"

"ಮಾರಿದ್ರ ಚಿಂಚೋಳಿಗಿ ಯಾರ ಹೋಗ್ತಾರ?" ಎಂದಳು. ನಾನು ಮತ್ತೆ ಬೈದೆ.

ಹೇಗೋ ಸುದ್ದಿ ಹೋಗಿ ಹೈದರಾಬಾದಿನಿಂದ ಒಬ್ಬ ಬಂದ. ಹಳೇ ಗಾಡಿ ಕೂಡಿಸಿಡುವವನು. ತಾಯಿಯ ತವರು ಬೀದರವಂತೆ, ಕನ್ನಡ ಬರುತ್ತಿತ್ತು. ಒಳ್ಳೆಯ ಮನುಷ್ಯನೇ. ನೆಲಕ್ಕೆ ಅಡ್ಡ ಬಿದ್ದು ಗಾಡಿಯ ಹೊಟ್ಟೆ ನೋಡಿದ, ಪ್ರೀತಿಯಿಂದ ಸವರಿದ. ಜರಡಿ ನೋಡಿ ತಲೆ ಹಿಡಿದುಕೊಂಡ. "ಅಮ್ಮಾ, ಇದೆಲ್ಲ ತೆಗೆದು ಮೊದಲಿನ ಹಂಗ ಮಾಡ್ತೀನ್ರಿ. ಕಂಪನಿಯಿಂದ ಬಂದ ದಿನ ಹ್ಯಾಂಗಿತ್ತೋ ಹಂಗ" ಎಂದ.

"ಮಾಡಿ?"

"ನೆರಳಿನ್ಯಾಗ ಇಡ್ತೀನ್ರಿ. ವರ್ಷಕ್ಕೊಮ್ಮೆ ಮೆರವಣಿಗಿಗಿ ಒಯ್ತೀನಿ."

ಚರ್ಚಿನ ಹಿರಿಯರು ಕೊಟ್ಟುಬಿಡಮ್ಮ ಎಂದರು. ನಾನೂ ಅದನ್ನೇ ಎಂದಿದ್ದೆ. ಎಲ್ಲರ ಮಾತಿಗೆ ಕೊನೆಗೆ ಒಪ್ಪಿದಳು. ಮುಂದಿನ ವಾರ ಅವನು ಗಾಡಿ ಒಯ್ಯಲು ಬಂದ. ಲಾರಿ ತಂದಿದ್ದ. ಲಾರಿಯ ಹಿಂದೆ ಹಲಗೆ ಇಳಿಬಿಟ್ಟು, ಹಗ್ಗ ಬಿಚ್ಚತೊಡಗಿದರು. ಸಿಸ್ಟರ್ ಕಣ್ಣು ಕಿರಿದು ಮಾಡಿ ನೋಡಿದಳು.

"ಇದ್ಯಾಕ ಲಾರಿ?"

"ಇಂಥಾ ಗಾಡಿ ಅಷ್ಟ ದೂರ ನಡಿಸಬಾರದ್ರಿ ಅಮ್ಮಾ."

"ನಿನ್ನಿ ಎಕಂಬಾಕ್ಕ ಹೋಗಿ ಬಂದದ ಅದು. ನಡಿಸಿಕೊಂಡು ಹೋಗು, ಈಗಿಂದೀಗ ಕೊಡ್ತೇನಿ. ಹೊತ್ತುಕೊಂಡು ಹೋಗೂದು ಹೆಣಾ, ಗಾಡಿ ಅಲ್ಲ."

ಅವನು ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಕೊನೆಗೆ ಅವನು ಹಲಗೆ ಎತ್ತಿ, ಖಾಲಿ ಲಾರಿ ತೆಗೆದುಕೊಂಡು ಹೋದ. ಆ ಸಂಜೆಯೇ ಸಿಸ್ಟರ್ ಖಾದರನನ್ನು ಕರೆಸಿ ಅವನ ಕೈಗೆ ಕೀಲಿ ಕೊಟ್ಟಳು. "ನೀ ನಡಿಸು. ನಿನ್ನ ಹೆಸರಿಗಿ ಮಾಡ್ತೇನಿ. ಕರಾರ ಒಂದ, ದಿನಾ ಗೇಟ ದಾಟಬೇಕು." ಅವನು ಗ್ಯಾರೇಜನ್ನು ತಮ್ಮನಿಗೆ ಒಪ್ಪಿಸಿ ಬರಲು ಹತ್ತಿದ. ಆಕೆ ಪಕ್ಕದ ಸೀಟಿಗೆ ಸರಿದಳು, ನಾನು ಹಿಂದೆ ರೊಟ್ಟಿಯ ಹತ್ತಿರ. ಕಣ್ಣು ಇಲ್ಲದ ಮೇಲೆ ಆಕೆಯ ಕಿವಿ ಇನ್ನೂ ಚುರುಕಾಯಿತು. "ಮೂರನೇ ಗೇರಿಗಿ ಹಾಕು, ಇಂಜಿನ್ ಅಳಲತ್ತದ ಕೇಳ್ಸಲ್ಲೇನು?" ಎಂದು ದಾರಿಯುದ್ದಕ್ಕೂ ಅವನನ್ನು ಕಾಡಿದಳು. ಬಿ.ಪಿ. ಮಿಶಿನ್ನಿನ ಮುಳ್ಳು ನೋಡಲು ಬಾಣಂತಿಯರಿಗೇ ಕಲಿಸಿದಳು, ಒಬ್ಬರದು ಒಬ್ಬರು ನೋಡಿ ಹೇಳಬೇಕು. ಹೀಗೆ ಒಂದು ಮಳೆಗಾಲ, ಒಂದು ಸುಗ್ಗಿ ನಡೆಯಿತು.

ಒಂದು ಸಂಜೆ ಔರಾದದಿಂದ ಬಂದು, ಚಹಾ ಕುಡಿದು, ಕುರ್ಚಿಯಲ್ಲೇ ತೀರಿಕೊಂಡಳು. ಲೋಟ ತೊಳೆದಿಟ್ಟವಳು ನಾನೇ.

ಮಣ್ಣು ಮಾಡುವುದು ಮರುದಿನ ಸಂಜೆಗೆ ಎಂದರು. ಬೆಳಿಗ್ಗೆ ಎದ್ದು ನಾನು ರೊಟ್ಟಿ ಬಡಿದೆ. ಬುಟ್ಟಿ ಹೊತ್ತು ಆಕೆಯ ಮನೆಗೆ ಹೋದಾಗ ಖಾದರ ಗಾಡಿಗೆ ಒರಗಿ ನಿಂತಿದ್ದ. ಕಣ್ಣು ಕೆಂಪಾಗಿದ್ದವು.

"ಇವತ್ತೂ ಹೋಗೂದೇನ್ರಿ ಬಾಯಿ?" ಎಂದ.

"ಗೇಟ ದಾಟಬೇಕೋ ಬ್ಯಾಡೋ, ನೀನ ಹೇಳು" ಎಂದೆ. ಅವನು ಕಿಸೆಯಿಂದ ಕೀಲಿ ತೆಗೆದ.

ಅಂಗಳದಲ್ಲಿದ್ದ ಹೆಂಗಸೊಬ್ಬಳು ನನಗೆ ಕೇಳಿಸಲೆಂದೇ, "ಹೆಣಾ ಮನ್ಯಾಗ ಇಟ್ಟು ರೊಟ್ಟಿ ಮಾರ್ಲಾಕ ಹೊಂಟಾಳ ನೋಡು" ಎಂದಳು. ನಾನು ಬುಟ್ಟಿ ಇಟ್ಟು ಗಾಡಿ ಹತ್ತಿದೆ. ಭಾಲ್ಕಿಯಲ್ಲಿ ರೊಟ್ಟಿ ಇಳಿಸಿದೆವು. ಅಲ್ಲಿಂದ ಹಿಂದಿರುಗಬಹುದಿತ್ತು. ಅವತ್ತು ಖಟಕ ಚಿಂಚೋಳಿಯ ಸರದಿ. ಖಾದರ ಆ ಕಡೆ ತಿರುಗಿಸಿದ.

ಊರ ಮುಂದಿನ ಮರದ ಕೆಳಗೆ ಹೆಂಗಸರು ಕೂತಿದ್ದರು. ಒಬ್ಬ ಬಾಣಂತಿ ಕೂಸು ಎತ್ತಿಕೊಂಡು ಕಿಟಕಿಗೆ ಬಂದು ಬಗ್ಗಿ ನೋಡಿದಳು. ಮುಂದಿನ ಸೀಟು ಖಾಲಿ ಇತ್ತು.

"ಸಿಸ್ಟರ್ ಎಲ್ಲರೀ ಆಯಿ?"

"ನಿನ್ನಿ ತೀರಿಕೊಂಡಳು. ಇವತ್ತ ಸಂಜಿಗಿ ಮಣ್ಣ ಅದ."

ಅವಳು ಕೂಸನ್ನು ಇನ್ನೊಬ್ಬಳ ಕೈಗೆ ಕೊಟ್ಟು ಓಡಿದಳು. ಮನೆಯಿಂದ ಅತ್ತೆಯನ್ನು ಕರೆದುಕೊಂಡು ಬಂದಳು. ಅತ್ತೆ ಒಂದು ಹಿಡಿ ಸೇವಂತಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಮತ್ತಿಬ್ಬರು ಎದ್ದು ಬಂದರು.

"ಜಾಗ ಅದೇನ್ರಿ?" ಎಂದರು.

ನಾನು ಖಾಲಿ ಬುಟ್ಟಿಯನ್ನು ಮುಂದಿನ ಮುಚ್ಚಳದ ಕೆಳಗೆ ಹಾಕಿ ಬಂದೆ. ಬಾಣಂತಿ, ಕೂಸು, ಆ ಇಬ್ಬರು ಹಿಂದೆ ನನ್ನ ಜೊತೆ ಇರುಕಿಕೊಂಡರು. ಅತ್ತೆ ಮುಂದಿನ ಬಾಗಿಲು ತೆರೆದು ಸಿಸ್ಟರಿನ ಸೀಟಿನಲ್ಲಿ ಕೂತುಬಿಟ್ಟಳು. ಖಾದರ ಅವಳ ಕಡೆ ನೋಡಿದ, ಏನೋ ಹೇಳಲು ಬಾಯಿ ತೆರೆದ.

"ಗಾಡಿ ಹೊಡಿ" ಎಂದೆ.