ಸಂಬಂಧಪಟ್ಟವರು ಇತ್ತ ಗಮನ ಹರಿಸಿದಾಗ

ಸ್ಥಳಕ್ಕೆ ಹೋಗುವ ಮೊದಲೇ ವರದಿ ಬರೆದಿಟ್ಟುಕೊಳ್ಳುವ ಅಪರಾಧವನ್ನು ನಾನು ಮೂವತ್ತು ವರ್ಷಗಳ ವೃತ್ತಿಯಲ್ಲಿ ಒಮ್ಮೆ ಮಾತ್ರ ಮಾಡಿದ್ದೇನೆ. ಅದೂ ನಾನು ಕಲಿತ ಶಾಲೆಯ ಬಗ್ಗೆ.

ದೊಡ್ಡ ಮನುಷ್ಯರ ನಿಧನವಾರ್ತೆಯನ್ನು ಅವರು ಗಟ್ಟಿಮುಟ್ಟಾಗಿರುವಾಗಲೇ ಸಿದ್ಧಪಡಿಸಿ ಇಡುವ ಪದ್ಧತಿ ಪತ್ರಿಕೆಗಳಲ್ಲಿ ಇದೆ. ದಿನಾಂಕದ ಜಾಗ, ಕಾಯಿಲೆಯ ಜಾಗ ಖಾಲಿ ಇರುತ್ತವೆ, ಅಷ್ಟೆ. ಶಿರಸಿಯಿಂದ ಹೊರಟ ಬಸ್ಸು ಯಲ್ಲಾಪುರ ಮುಟ್ಟುವುದರೊಳಗೆ ನಾನು ನನ್ನ ಶಾಲೆಗೂ ಅಂಥದ್ದೊಂದನ್ನು ಬರೆದು ಮುಗಿಸಿದ್ದೆ. ಶಾಲೆಯ ಈಗಿನ ಚಿತ್ರವನ್ನು ಯಾರೋ ಫೋನಿಗೆ ಕಳಿಸಿದ್ದರು. ಹೆಂಚಿನ ಮಾಡು ಇಲ್ಲ, ಮರದ ಕಂಬಗಳ ಜಗಲಿಯಿಲ್ಲ, ಗಂಟೆಯಾಗಿ ತೂಗುತ್ತಿದ್ದ ರೈಲುಹಳಿಯ ತುಂಡಿಲ್ಲ. ಬದಲಿಗೆ ಕಾಂಕ್ರೀಟು, ಗುಲಾಬಿ ಬಣ್ಣದ ಗೋಡೆ, ಅದರ ಮೇಲೆ ನಗುವ ಆನೆ. ‘ನನ್ನ ಶಾಲೆಯನ್ನು ಕೊಂದವರಾರು?’ ಎಂಬ ತಲೆಬರಹ ಮಂಚಿಕೇರಿ ದಾಟುವಾಗಲೇ ಹೊಳೆದಿತ್ತು. ಕಣ್ಣೂ ತುಸು ಒದ್ದೆಯಾಗಿತ್ತು. ನನ್ನ ವಾಕ್ಯ ಓದಿ ನಾನೇ ಅಳುವುದು ಅದು ಮೊದಲ ಸಲವೇನಲ್ಲ.

ಶಾಲೆಯಿರುವುದು ಕಿರವತ್ತಿಯ ಆಚೆಗಿನ ಸಣ್ಣ ಊರಿನಲ್ಲಿ. ಅಪ್ಪ ಕಟ್ಟಿಗೆ ಡಿಪೋದಲ್ಲಿ ಗಾರ್ಡ್ ಆಗಿದ್ದಾಗ ಅಲ್ಲಿ ಏಳನೆಯವರೆಗೆ ಓದಿದೆ. ಎರಡು ಕಡೆ ವಿಚಾರಿಸದೆ ಏನನ್ನೂ ಬರೆಯಬೇಡಿ ಎಂದು ಕಿರಿಯ ವರದಿಗಾರರಿಗೆ ಪಾಠ ಹೇಳುವವನು ನಾನು. ಹಾಗಾಗಿ, ಶಾಸ್ತ್ರಕ್ಕೆ, ಮೊದಲು ಹುಸೇನನಲ್ಲಿಗೆ ಹೋದೆ. ಒಂದೇ ಮಣೆಯ ಮೇಲೆ ಕೂತು ಕಲಿತವರು ನಾವು. ಲಾರಿ ಓಡಿಸುವುದು ಬಿಟ್ಟ ಮೇಲೆ ಅವನು ಹೆದ್ದಾರಿ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ.

“ಆ ಸಾಲಿ ಹೋತಂತ ಅಳಾಕ ಬಂದೀಯೇನ?” ಎಂದ, ಟೈರಿನಿಂದ ತಲೆ ಎತ್ತದೆ. “ಮಳಿ ಬಂದ್ರ ಪಾಟಿ ತಲಿ ಮ್ಯಾಲೆ ಹಿಡಕೊಂಡು ಕುಂದರತಿದ್ವಿ. ನಿನ್ನ ಪಾಟಿ ಒಡದಿತ್ತಂತ ನಂದು ಕಸ್ಕೊಂಡಿದ್ದಿ. ಅದನ್ನೂ ಬರಿ ಮತ್ತ!”

ಮೊದಲನೆಯ ಮೂಲ ನಂಬಲರ್ಹವಲ್ಲ ಎಂದು ತೀರ್ಮಾನಿಸಿ ನಾನು ಶಾಲೆಗೆ ನಡೆದೆ.

ಮುಖ್ಯ ಶಿಕ್ಷಕಿ ಹಾನಗಲ್ ಕಡೆಯವರು. “ಬರ್ರಿ, ಬರ್ರಿ, ಹಳೇ ವಿದ್ಯಾರ್ಥಿಗಳು ಬಂದ್ರ ನಮಗ ಭಾಳ ಖುಷಿರಿ” ಎಂದು ಕುರ್ಚಿ ಕೊಟ್ಟರು. ರೈಲುಹಳಿಯ ತುಂಡನ್ನು ನಾನು ತೀರಿಹೋದವರನ್ನು ವಿಚಾರಿಸುವ ದನಿಯಲ್ಲಿ ವಿಚಾರಿಸಿದೆ. ಬಿಸಿಯೂಟದ ಕೋಣೆಯ ಬಾಗಿಲು ಬಡಿಯದಂತೆ ಅದನ್ನು ಒತ್ತಾಗಿ ಇಟ್ಟಿದ್ದಾರಂತೆ. ನನಗೆ ಇನ್ನಷ್ಟು ದುಃಖವಾಯಿತು. ಲೇಖನ ಬರೆಯುವ ವಿಷಯ ತಿಳಿಸಿ, ತಲೆಬರಹವನ್ನು ತಡೆಯಲಾರದೆ ಓದಿಯೂ ಬಿಟ್ಟೆ.

ಅವರ ಮುಖ ಇಳಿಯಿತು.

“ಸರ್, ಹಂಗ ಬರಿಬ್ಯಾಡ್ರಿ. ಹ್ವಾದ ವರ್ಷ ಒಂದನೇ ಕ್ಲಾಸಿಗೆ ಬಂದದ್ದು ನಾಕ ಮಕ್ಕಳು. ಇಂಗ್ಲಿಷ್ ಸಾಲಿ ವ್ಯಾನು ದಿನಾ ನಮ್ಮ ಗೇಟಿನ ಮುಂದನ ಹಾರ್ನ್ ಹೊಡದು ಹೋಗ್ತೈತಿ. ಸಾಲಿ ಸತ್ತೈತಿ ಅಂತ ಪೇಪರ್‌ನಾಗ ಬಂದ್ರ ಜೂನ್‌ನಾಗ ಆ ನಾಕೂ ಬರೂದಿಲ್ರಿ. ಆಮ್ಯಾಲೆ ಖರೇನ ಸಾಯ್ತೈತಿ.” ಹೇಳಿ, ಗೋಡೆಯತ್ತ ಕೈ ತೋರಿಸಿದರು. “ಪೇಪರ್‌ನವರಿಂದನ ಉಳದ ಸಾಲಿರಿ ಇದು. ಅದನ್ನ ಬರದ ಪುಣ್ಯಾತ್ಮ ಯಾರಂತ ಯಾರಿಗೂ ಗೊತ್ತಿಲ್ಲ.”

ಚೌಕಟ್ಟಿನೊಳಗೆ ಹಳದಿಯಾದ ಒಂದು ಪತ್ರಿಕಾ ತುಣುಕು. ‘ಜೀವ ಕೈಯಲ್ಲಿ ಹಿಡಿದು ಪಾಠ ಕೇಳುವ ಮಕ್ಕಳು.’ ಕೆಳಗೆ: ನಮ್ಮ ಪ್ರತಿನಿಧಿಯಿಂದ. ಗೆದ್ದಲು ತಿಂದ ಮರದ ಕಂಬಗಳು, ಸೋರುವ ಹೆಂಚು, ಇಂಥ ಪಾಳು ಕಟ್ಟಡವನ್ನು ಕೂಡಲೇ ಕೆಡವಿ ಹೊಸದು ಕಟ್ಟಬೇಕೆಂಬ ಆಗ್ರಹ. ಕೊನೆಯ ಸಾಲು: ‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’

ಓದುತ್ತ ಓದುತ್ತ ನನ್ನ ಕಿವಿ ಬಿಸಿಯಾಯಿತು. ‘ಜೀವ ಕೈಯಲ್ಲಿ ಹಿಡಿದು’ ಎಂಬುದು ನನ್ನ ಖಾಸಾ ಪ್ರಯೋಗ. ಹಳ್ಳ ದಾಟುವ ಕಾಲುಸಂಕಕ್ಕೂ ಬಸ್ಸಿಗೂ, ಒಮ್ಮೆ ಅಂಚೆ ಕಚೇರಿಗೂ ಬಳಸಿದ್ದೇನೆ. ಯಲ್ಲಾಪುರದಲ್ಲಿ ಹೊಸದಾಗಿ ಬಿಡಿ ಸುದ್ದಿಗಾರನಾಗಿದ್ದಾಗ ಇದನ್ನು ಬರೆದವನು ನಾನೇ. ದಿನಕ್ಕೊಂದು ಇಂಥದ್ದು ಬರೆಯುತ್ತಿದ್ದ ಕಾಲ; ನನ್ನದೇ ಶಾಲೆಯಾದರೂ ಕಳಿಸಿದ ಮರುದಿನವೇ ಮರೆತಿರಬೇಕು.

ಆ ಕೊನೆಯ ಪ್ರಶ್ನೆಯನ್ನು ಎಷ್ಟು ವರದಿಗಳ ಬಾಲಕ್ಕೆ ಕಟ್ಟಿದ್ದೇನೋ ನೆನಪಿಲ್ಲ. ಅದು ಅರ್ಜಿಯ ಕೆಳಗಿನ ‘ತಮ್ಮ ವಿಶ್ವಾಸಿ’ ಇದ್ದ ಹಾಗೆ. ಬರೆದವನೂ ನಂಬಿರುವುದಿಲ್ಲ, ಓದಿದವನೂ ನಂಬುವುದಿಲ್ಲ. ನನಗೆ ತಿಳಿದಂತೆ ಸಂಬಂಧಪಟ್ಟವರು ನನ್ನ ಮಾತಿಗೆ ಗಮನ ಹರಿಸಿದ್ದು ಇದೊಂದೇ ಸಲ. ಅದರ ಮೇಲೇ ದೂರು ಹೊತ್ತು ನಾನು ಬಂದಿದ್ದೆ.

ಪುಣ್ಯಾತ್ಮ ನಾನೇ ಎಂದರೆ ಶೋಕವನ್ನು ಕೈಬಿಡಬೇಕು. ಶೋಕ ಬೇಕೆಂದರೆ ಪುಣ್ಯವನ್ನು ಮುಚ್ಚಿಡಬೇಕು. ನನಗೆ ಎರಡೂ ಬೇಕಿತ್ತು. ಕಡೆಗೆ, ಮೂಲವನ್ನು ಬಹಿರಂಗಪಡಿಸಬಾರದು ಎಂಬ ವೃತ್ತಿಧರ್ಮ ಸಮಯಕ್ಕೆ ಸರಿಯಾಗಿ ನೆನಪಾಗಿ, ಅವರು ಕೊಟ್ಟ ಚಹಾ ಕುಡಿದು ಎದ್ದೆ.

“ಏನಂದ್ರು ಸಾಲಿ ಅಕ್ಕೋರು?” ಎಂದು, ಅಂಗಡಿಗೆ ಮರಳಿದ ನನ್ನನ್ನು ಕೇಳಿದ ಹುಸೇನನಿಗೆ ಮಾತ್ರ ನಿಜ ಹೇಳಿದೆ. ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ನಕ್ಕ. “ಸಾಲಿ ಕೊಂದವ ಯಾರಂತ ಹುಡುಕ್ಕೋತ ಬಂದಿದ್ದೆಲ್ಲೋ! ಸಿಕ್ಕನಲ್ಲ, ಇನ್ನ ಮನೀಗೆ ಹೋಗು.”

ಮರಳುವ ಬಸ್ಸಿನಲ್ಲಿ ನಿಧನವಾರ್ತೆಯನ್ನು ಅಳಿಸಿ ಮೂರು ಸಾಲಿನ ಸುದ್ದಿ ಬರೆದೆ. ಒಂದನೇ ತರಗತಿಗೆ ಪ್ರವೇಶ ಆರಂಭವಾಗಿದೆ, ಕಟ್ಟಡ ಸೋರುವುದಿಲ್ಲ, ಗೋಡೆಯ ಮೇಲೆ ಆನೆಯಿದೆ. ಕೊನೆಗೆ ಬೆರಳು ರೂಢಿಯಂತೆ ತಾನಾಗಿ ಬರೆಯಿತು: ‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’ ಅಳಿಸಲು ಹೋದವನು ಬಿಟ್ಟೆ. ಈ ಸಲ ಸಂಬಂಧಪಟ್ಟವರು ಆರು ವರ್ಷದ ಮಕ್ಕಳ ಅಪ್ಪ-ಅಮ್ಮಂದಿರು. ಒಮ್ಮೆ ಫಲ ಕೊಟ್ಟ ಸಾಲು, ಇನ್ನೊಮ್ಮೆ ಕೊಟ್ಟರೂ ಕೊಟ್ಟೀತು. ಕೊಟ್ಟು ಶಾಲೆ ಮಕ್ಕಳಿಂದ ತುಂಬಿದರೆ, ಮತ್ತೆ ಅಲ್ಲಿಗೆ ಹೋಗಿ ‘ನಮ್ಮ ಕಾಲದಲ್ಲಿ ಇಷ್ಟು ಗದ್ದಲ ಇರಲಿಲ್ಲ’ ಎಂದು ಬೇಸರಪಡದಂತೆ ನನ್ನನ್ನು ಯಾರಾದರೂ ತಡೆಯಬೇಕು.