ಯಾರೂ ಮೆಟ್ಟದ ಜೋಡಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ, 'ಆವತ್ತು ಹೊಟ್ಟೆಗೆ ಸರಿಯಾಗಿ ತಿಂದಿದ್ರಾ?' ಎಂದು ಕೇಳಿ ನಗುವವರ ಪೈಕಿ ನಾನು. ನಿಂಬೆಹಣ್ಣು ಮಂತ್ರಿಸಿ ಕೊಡುತ್ತೇವೆ ಎಂದು ಬಂದವರನ್ನು ಅಂಗಡಿಯ ಮೆಟ್ಟಿಲು ಹತ್ತಲು ಬಿಟ್ಟವಳಲ್ಲ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕಾರಣ ಏನಾದರೂ ಹೊಳೆದರೆ ನನಗೂ ತಿಳಿಸಿ.

ಮಲ್ಲೇಶ್ವರದಲ್ಲಿ ನನ್ನದೊಂದು ಚಪ್ಪಲಿ, ಬ್ಯಾಗುಗಳ ಅಂಗಡಿ ಇದೆ. ಫುಟ್‌ಪಾತಿನಲ್ಲಿ ಗೋಣಿತಾಟು ಹಾಸಿಕೊಂಡು ಶುರು ಮಾಡಿದ ವ್ಯಾಪಾರ ಅದು. ಓದಿದ್ದು ಕಡಿಮೆ, ಕಲಿತದ್ದೆಲ್ಲ ಚೌಕಾಸಿಯಲ್ಲಿ. ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ: ಚಪ್ಪಲಿ ಕೊಳ್ಳುವಾಗ ಮೇಲಿನ ಹೊಳಪಿಗೆ ಮರುಳಾಗಬೇಡಿ, ಮೊದಲು ಮಗುಚಿ ಅಡಿಯ ಅಟ್ಟೆ ನೋಡಿ. ಸಂಜೆ ಹೊತ್ತು ಕೊಳ್ಳಿ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಇಷ್ಟವಾಯಿತು ಅಂತ ಮುಖದಲ್ಲಿ ಮಾತ್ರ ತೋರಿಸಿಕೊಳ್ಳಬೇಡಿ.

ಚಪ್ಪಲಿಯ ಗುಣ ನೋಡುವುದನ್ನು ಮಾತ್ರ ನನಗೆ ಹೇಳಿಕೊಟ್ಟವರು ನಮ್ಮಪ್ಪ, ಚಿಕ್ಕಹನುಮಯ್ಯ. ಚಾಮರಾಜಪೇಟೆಯ ಒಂದು ಹಿತ್ತಲ ಕೋಣೆಯಲ್ಲಿ ಕೂತು ಪೇಟೆಯ ದೊಡ್ಡ ಅಂಗಡಿಗಳಿಗೆ ಚಪ್ಪಲಿ ಹೊಲಿದುಕೊಡುತ್ತಿದ್ದರು. ಅಟ್ಟೆಯ ಮೇಲೆ ಅಂಗಡಿಯವರ ಮುದ್ರೆ ಬೀಳುತ್ತಿತ್ತು. ಹೊಲಿದವರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡರು.

ಕೆಲವು ವರ್ಷಗಳ ಹಿಂದೆ ಗಿರಾಕಿಯೊಬ್ಬರು, ಶಂಕರಪುರಂನ ಹಳೇ ಮನೆಯೊಂದರಲ್ಲಿ ಚಪ್ಪಲಿ ಕಸುಬಿನ ಪುಟ್ಟ ಮ್ಯೂಸಿಯಂ ಮಾಡಿದ್ದಾರೆಂದು ಹೇಳಿದರು. ನಮ್ಮ ಕಸುಬನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವವರೂ ಇದ್ದಾರಾ ಎಂದು ಕುತೂಹಲವಾಗಿ, ಒಂದು ಮಧ್ಯಾಹ್ನ ಅಂಗಡಿಯನ್ನು ಮಗಳಿಗೆ ಒಪ್ಪಿಸಿ ಹೋದೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು ಎಂದು ಬರೆದಿತ್ತು. ಚಪ್ಪಲಿ ನೋಡಲು ಬರಿಗಾಲಲ್ಲಿ ಹೋಗಬೇಕಲ್ಲ ಎಂದು ಒಬ್ಬಳೇ ನಕ್ಕೆ.

ಮ್ಯೂಸಿಯಂ ನಡೆಸುತ್ತಿದ್ದವರು ಶಾಂತಾ ಟೀಚರ್, ನಿವೃತ್ತರು. ಅವರ ತಾತನಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇತ್ತಂತೆ. ಅಟ್ಟದ ಮೇಲೆ ಬಿದ್ದಿದ್ದ ಸಾಮಾನನ್ನೆಲ್ಲ ಇಳಿಸಿ, ಒರೆಸಿ, ಪ್ರೀತಿಯಿಂದ ಜೋಡಿಸಿದ್ದರು. ಪಡಸಾಲೆಯಲ್ಲಿ ತಾತನ ಫೋಟೋ, ಅದರ ಕೆಳಗೆ ದಪ್ಪಕ್ಷರದಲ್ಲಿ ಅವರ ಹೆಸರು. ಆಚೀಚೆ ಚರ್ಮ ಕೊಯ್ಯುವ ರಂಪಿಗೆ, ಮರದ ಅಚ್ಚುಗಳು, ಚರ್ಮ ಹದ ಮಾಡುವ ತಂಗಡಿ ತೊಗಟೆ. ಆ ತೊಗಟೆಯ ವಾಸನೆಗೇ ನನಗೆ ಅಪ್ಪನ ಕೋಣೆ ಕಣ್ಣಿಗೆ ಕಟ್ಟಿತು.

ಒಳಗಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಜೊತೆ ಹೆಣ್ಣುಮಕ್ಕಳ ಚಪ್ಪಲಿ ಇತ್ತು. ಪಕ್ಕದ ಚೀಟಿಯಲ್ಲಿ 'ಹೊಲಿದವರು: ತಿಳಿದಿಲ್ಲ' ಎಂದು ಬರೆದಿತ್ತು. ನನಗೆ ತಿಳಿದಿತ್ತು. ಅಪ್ಪ ಎಡಗೈಯಲ್ಲಿ ಹೊಲಿಯುತ್ತಿದ್ದರು. ಅವರ ಹೊಲಿಗೆ ಎಲ್ಲರ ಹೊಲಿಗೆಯಂತಲ್ಲದೆ ಇನ್ನೊಂದು ಕಡೆಗೆ ವಾಲುತ್ತಿತ್ತು.

"ಟೀಚರಮ್ಮ, ಇದು ನಮ್ಮಪ್ಪ ಹೊಲಿದಿದ್ದು. ಹೆಸರು ಹಾಕ್ಬೇಕು ನೀವು" ಎಂದೆ.

"ಹೇಗೆ ಹೇಳ್ತೀರಮ್ಮ?"

"ಹೊಲಿಗೆ ನೋಡಿ, ಎಡಗೈದು."

"ಇಡೀ ಬೆಂಗಳೂರಿಗೆ ನಿಮ್ಮಪ್ಪ ಒಬ್ರೇನಾ ಎಡಚರು? ನೀವಂದ್ರಿ ಅಂತ ಇವತ್ತು ಬರೀತೀನಿ. ನಾಳೆ ಇನ್ಯಾರೋ ಬಂದು ನಮ್ಮಜ್ಜ ಅಂತಾರೆ. ಆಗ ಏನ್ಮಾಡ್ಲಿ?"

ಕೋಪ ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಕೈಗೆ ಕೊಡಿ, ತೋರಿಸುತ್ತೇನೆ ಎಂದೆ. ಅವರು ಪೆಟ್ಟಿಗೆಯ ಬೀಗ ತೆಗೆದರು.

ಅಭ್ಯಾಸದಂತೆ ಮೊದಲು ಮಗುಚಿದೆ. ಅಟ್ಟೆ ಸ್ವಚ್ಛವಾಗಿತ್ತು. ಒಂದು ಗೀರಿಲ್ಲ, ಕಲ್ಲು ಮಣ್ಣಿನ ಗುರುತಿಲ್ಲ, ಅಂಗಡಿಯ ಮುದ್ರೆ ಕೂಡ ಮಾಸಿರಲಿಲ್ಲ. ನೆಲ ಮುಟ್ಟದ ಚಪ್ಪಲಿ. ಆಮೇಲೆ ಮೇಲ್ಮುಖ ಮಾಡಿ ನೋಡಿದೆ.

ಚರ್ಮದ ಚಪ್ಪಲಿ ಮೆಟ್ಟಿದವರಿಗೆ ಇದು ಗೊತ್ತಿರುತ್ತದೆ. ಹೊಸದರಲ್ಲಿ ಒಳಗಡೆ ಹಲಗೆಯಂತೆ ಸಪಾಟಾಗಿರುತ್ತದೆ. ತಿಂಗಳುಗಟ್ಟಲೆ ನಡೆದ ಮೇಲೆ ಹಿಮ್ಮಡಿಯ ಜಾಗ ಕುಳಿ ಬಿದ್ದು, ಬೆರಳುಗಳ ಗುರುತು ಒಂದೊಂದಾಗಿ ಕಪ್ಪಗೆ ಮೂಡುತ್ತದೆ. ಈ ಜೋಡಿಯಲ್ಲಿ ಅದು ಮೂಡಿತ್ತು. ಬಲಗಾಲಿನಲ್ಲಿ ಐದೂ ಬೆರಳು. ಎಡಗಾಲಿನಲ್ಲಿ ನಾಲ್ಕೇ. ಹೆಬ್ಬೆರಳಿನ ಪಕ್ಕದ ಬೆರಳಿನ ಜಾಗ ಹೊಸ ಚರ್ಮದಂತೆ ನುಣ್ಣಗಿತ್ತು.

ನನ್ನ ಎಡಗಾಲಿನ ಆ ಬೆರಳು ನೆಲ ಮುಟ್ಟುವುದಿಲ್ಲ. ವ್ಯಾಪಾರ ಶುರು ಮಾಡಿದ ಹೊಸತರಲ್ಲಿ, ಕಲಾಸಿಪಾಳ್ಯದಲ್ಲಿ ಮಾಲಿನ ಕಟ್ಟು ಇಳಿಸುವಾಗ ಲಗೇಜ್ ಆಟೋದ ಚಕ್ರ ಕಾಲಿನ ಮೇಲೆ ಹತ್ತಿತ್ತು. ಮೂಳೆ ಸೊಟ್ಟಗೆ ಕೂಡಿಕೊಂಡು ಬೆರಳು ಮೇಲೆದ್ದೇ ನಿಂತಿದೆ. ನನ್ನ ಎಲ್ಲ ಚಪ್ಪಲಿಗಳಲ್ಲೂ ಎಡಗಡೆ ನಾಲ್ಕೇ ಗುರುತು. ಆದರೆ ಅದು ನಡೆದದ್ದು ಅಪ್ಪ ಹೋಗಿ ಎಷ್ಟೋ ವರ್ಷಗಳಾದ ಮೇಲೆ.

ನಾನು ಬಾಗಿಲಿಗೆ ಹೋಗಿ, ಬಿಟ್ಟಿದ್ದ ನನ್ನ ಎಡಗಾಲಿನ ಚಪ್ಪಲಿ ತಂದು ಇದರ ಪಕ್ಕದಲ್ಲಿಟ್ಟೆ. ಹಿಮ್ಮಡಿಯ ಅಗಲ, ಬೆರಳುಗಳ ಅಂತರ, ಎಲ್ಲ ಒಂದೇ. ಟೀಚರ್ ಕನ್ನಡಕ ಏರಿಸಿ ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದರು. ಆಮೇಲೆ ನನ್ನ ಬರಿಗಾಲು ನೋಡಿದರು. ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಇದು ಮಾರಾಟಾನೇ ಆಗಿಲ್ಲ ಕಣಮ್ಮ. ಅಟ್ಟದಲ್ಲಿ ಪೇಪರ್ ಸುತ್ತಿ ಕಟ್ಟಿಟ್ಟಿದ್ರು. ಕಟ್ಟು ಬಿಚ್ಚಿದ್ದೂ ನಾನೇ, ಒರೆಸಿದ್ದೂ ನಾನೇ. ಆಗ ಈ ಗುರುತು ಇತ್ತೋ ಇಲ್ವೋ, ದೇವ್ರಾಣೆ ನನಗೆ ನೆನಪಿಲ್ಲ."

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರೇ ಹೊಸ ಚೀಟಿ, ಪೆನ್ನು ತಂದರು. "ನಿಮ್ಮಪ್ಪನ ಹೆಸರು ಹೇಳಿ. ಇನ್ನೇನು ಪುರಾವೆ ಬೇಕು? ಈ ಗುರುತಿನ ವಿಷಯಾನೂ ಬರೀತೀನಿ. ನೋಡ್ತಿರಿ, ಜನ ಕ್ಯೂ ನಿಲ್ತಾರೆ."

ಕೇಳಿದ್ದನ್ನು ಎದುರಿನವರು ಒಪ್ಪಿದರೆ ತಕ್ಷಣ ತೆಗೆದುಕೊಂಡು ಹೊರಡಬೇಕು, ಮತ್ತೆ ಬಾಯಿ ತೆರೆಯಬಾರದು. ವ್ಯಾಪಾರದಲ್ಲಿ ನಾನು ಯಾವತ್ತೂ ತಪ್ಪದ ನಿಯಮ ಅದು. ಆವತ್ತು ತಪ್ಪಿದೆ. ಬೇಡ ಎಂದೆ. ಹಾಗೆ ಬರೆದರೆ ಜನ ಹೂವು, ಕರ್ಪೂರ ಹಿಡಿದು ಬರುತ್ತಾರೆಯೇ ಹೊರತು ಹೊಲಿಗೆಯನ್ನು ಒಬ್ಬರೂ ನೋಡುವುದಿಲ್ಲ. ಅಂಗಡಿಯ ಮುದ್ರೆಯ ಕೆಳಗೆ ಒಂದು ಸಲ ಮುಚ್ಚಿಹೋದ ಹೆಸರು, ಈ ಪವಾಡದ ಕೆಳಗೆ ಇನ್ನೊಂದು ಸಲ ಮುಚ್ಚಿಹೋಗುತ್ತದೆ.

"ಟೀಚರಮ್ಮ, ಹೆಸರು ಅವರು ಮಾಡಿದ ಕೆಲಸದಿಂದ ಬರಬೇಕು. ನಾಳೆ ನಮ್ಮಪ್ಪ ಹೊಲಿದ ಇನ್ನೊಂದು ಜೊತೆ ತರ್ತೀನಿ. ತಾಳೆ ಹಾಕಿ. ಸರಿ ಹೋಗ್ಲಿಲ್ವಾ, 'ತಿಳಿದಿಲ್ಲ' ಅಂತಾನೇ ಇರ್ಲಿ. ಮತ್ತೆ ನಿಮ್ಮ ಬಾಗಿಲಿಗೆ ಬರಲ್ಲ."

"ಬಂದಿದ್ದನ್ನ ಬೇಡ ಅಂತೀರಲ್ಲ! ಗಟ್ಟಿಗಿತ್ತಿ ಕಣಮ್ಮ ನೀವು" ಎಂದರು.

ಮದುವೆಯ ವರ್ಷ ಅಪ್ಪ ಅಮ್ಮನಿಗೆ ಹೊಲಿದುಕೊಟ್ಟಿದ್ದ ಚಪ್ಪಲಿಯನ್ನು ಅಮ್ಮ ಇನ್ನೂ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಾಳೆ. ಕೇಳಿದ್ದಕ್ಕೆ, "ತಗೊಂಡ್ಹೋಗು. ಆದ್ರೆ ಹೊಲಿಗೆ ಕಿತ್ತು ಗಿತ್ತು ನೋಡಿದ್ರೋ, ನಿನ್ನೂ ಬಿಡಲ್ಲ ಆ ಟೀಚರನ್ನೂ ಬಿಡಲ್ಲ" ಎಂದಳು. ಬೆರಳ ಗುರುತಿನ ವಿಷಯ ಅವಳಿಗೆ ಹೇಳಲಿಲ್ಲ. ಆ ರಾತ್ರಿ ನನಗೆ ಗುರುತಿನ ಯೋಚನೆಗಿಂತ, ಹೊಲಿಗೆ ತಾಳೆಯಾಗದಿದ್ದರೆ ಏನು ಗತಿ ಎಂಬ ಯೋಚನೆಯೇ ಹೆಚ್ಚಾಗಿತ್ತು. ನಾನೇ ಸುಮ್ಮನೆ ಬಾಯಿ ಬಿಟ್ಟು ಕೈಗೆ ಬಂದದ್ದನ್ನು ಕಳೆದುಕೊಂಡೆನೇನೋ ಎನಿಸುತ್ತಿತ್ತು.

ಮರುದಿನ ಟೀಚರ್ ಭೂತಗನ್ನಡಿ ಹಿಡಿದು ಕೂತರು. ಹೊಲಿಗೆ ವಾಲಿದ್ದು ಎರಡರಲ್ಲೂ ಒಂದೇ ಕಡೆಗೆ. ಉಳಿದವರು ಹಿಮ್ಮಡಿಯಲ್ಲಿ ದಾರ ಮುಗಿಸಿದರೆ, ಇವೆರಡರಲ್ಲೂ ದಾರ ಪಾದದ ಕಮಾನಿನ ಕೆಳಗೆ ಮುಗಿದಿತ್ತು, ಗಂಟು ಕಾಲಿಗೆ ಒತ್ತದ ಜಾಗದಲ್ಲಿ. ಅಷ್ಟು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದನ್ನು ಅವರು ಕಂಡುಹಿಡಿದರು. "ಇಲ್ನೋಡಿ, ಇಲ್ನೋಡಿ" ಎಂದು ಮಕ್ಕಳ ಹಾಗೆ ನನ್ನ ಕೈ ಜಗ್ಗಿದರು. ಬಾರು ಅಟ್ಟೆಯೊಳಗೆ ಇಳಿಯುವ ಕಡೆ, ಚರ್ಮ ಕಾಲನ್ನು ಕಚ್ಚದಿರಲೆಂದು, ರಂಪಿಗೆಯಲ್ಲಿ ಸಣ್ಣದೊಂದು ಅರ್ಧಚಂದ್ರ ಕೊಯ್ದಿತ್ತು. ಎರಡು ಜೊತೆಯಲ್ಲೂ. ಟೀಚರ್ ತಮ್ಮಲ್ಲಿದ್ದ ಉಳಿದ ಚಪ್ಪಲಿಗಳನ್ನೆಲ್ಲ ಇಳಿಸಿ ಹುಡುಕಿದರು. ಬೇರೆ ಯಾವುದರಲ್ಲೂ ಅದಿರಲಿಲ್ಲ.

'ಹೊಲಿದವರು: ಚಿಕ್ಕಹನುಮಯ್ಯ, ಚಾಮರಾಜಪೇಟೆ.' ಅವರು ಬರೆದು ಮುಗಿಸುವವರೆಗೆ ನಾನು ಪೆನ್ನಿನ ತುದಿಯನ್ನೇ ನೋಡುತ್ತಿದ್ದೆ. ಆಮೇಲೆ, ಅಕ್ಷರ ಚಿಕ್ಕದಾಯಿತು, ಪಡಸಾಲೆಯಲ್ಲಿ ನಿಮ್ಮ ತಾತನ ಹೆಸರು ಇರುವಷ್ಟೇ ದಪ್ಪ ಇರಬೇಕು ಎಂದೆ. "ಇದರಲ್ಲೂ ಚೌಕಾಸಿನಾ?" ಎಂದು ನಕ್ಕರು. ಆದರೆ ದಪ್ಪಕ್ಷರದಲ್ಲೇ ಬರೆಸಿದರು.

ಗುರುತಿನ ವಿಷಯ ನಮ್ಮಿಬ್ಬರಲ್ಲೇ ಉಳಿಯಿತು. ಕಾರಣ ಹುಡುಕದೆ ಬಿಟ್ಟಿಲ್ಲ. ಯಾವ ಜೋಡಿ, ಯಾರ ಕಾಲು ಎಂದು ಹೇಳದೆ ಕಸುಬಿನ ಹಿರಿಯರನ್ನು ಕೇಳಿದೆ. ತೇವಕ್ಕೆ ಚರ್ಮ ಕುಸಿದಿರಬಹುದು ಎಂದರು ಒಬ್ಬರು. ಕುಸಿಯಬಹುದು, ಆದರೆ ಯಾವ ಬೆರಳು ಬಿಡಬೇಕೆಂದು ತೇವಕ್ಕೆ ಹೇಗೆ ಗೊತ್ತು? ನನ್ನಂಥದೇ ಕಾಲಿನ ಇನ್ನೊಬ್ಬಳು ಮೆಟ್ಟಿರಬಹುದು ಎಂದುಕೊಂಡರೆ, ಅಟ್ಟೆಗೆ ಒಂದು ಗೀರೂ ಬೀಳದಂತೆ ಅವಳು ಎಲ್ಲಿ ನಡೆದಳು? ಒಮ್ಮೆ ಹಾಕಿಕೊಂಡು ನೋಡಿ ಎಂದು ಟೀಚರ್ ಎಷ್ಟೋ ಸಲ ಹೇಳಿದ್ದಾರೆ. ನಾನು ಹಾಕಿಕೊಂಡಿಲ್ಲ.

ಈಗಲೂ ಬಿಡುವಾದಾಗ ಹೋಗಿ ಆ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲುತ್ತೇನೆ. ಬಂದವರು ಅಪ್ಪನ ಹೆಸರನ್ನು ಗಟ್ಟಿಯಾಗಿ ಓದುವುದನ್ನು ಕೇಳುವುದೇ ಒಂದು ಖುಷಿ. ಮೊನ್ನೆ ಕಾಲೇಜು ಹುಡುಗನೊಬ್ಬ ಓದಿದ. ಆಮೇಲೆ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, "ಇದೇನ್ ಆಂಟಿ, ಎಡಗಾಲಲ್ಲಿ ನಾಲ್ಕೇ ಬೆರಳಿದೆ?" ಎಂದ. ಟೀಚರ್ ನನ್ನ ಮುಖ ನೋಡಿದರು.

ನಾನು ಎಡಗಾಲನ್ನು ಮೆಲ್ಲಗೆ ಸೀರೆಯ ನೆರಿಗೆಯೊಳಕ್ಕೆ ಎಳೆದುಕೊಂಡು, "ಅದಿರ್ಲಿ, ಹೊಲಿಗೆ ನೋಡಪ್ಪ ಮೊದ್ಲು" ಎಂದೆ.